ಗಂಜಿ ಡಬ್ಬಿ

"ಏನ್ ಮಾಡಿದ್ರೂ ಉಳಿಸ್ಕಳಕ್ಕೆ ಆಗ್ನಿಲ್ಲ ಅಕ್ಕ. ನಿಮ್ಮ ಯಜಮಾನ್ರು ಹೋಗ್ಬುಟ್ರು."

ನರ್ಸ್ ಸ್ಪಂದನ ಹೇಳಿಕೊಟ್ಟಷ್ಟನ್ನು ಹೇಳಿ ತಲೆ ತಗ್ಗಿಸಿದಳು. ಎದುರಿನ ಕುರ್ಚಿಯಲ್ಲಿ ಸತ್ತವನ ಹೆಂಡತಿಯ ಪಾತ್ರಕ್ಕೆ ಕೂತಿದ್ದವಳು ಆಯಾ ಪ್ರಮೀಳಾ. ಸಾವಿನ ಸುದ್ದಿ ಹೇಳುವುದು ಹೇಗೆಂದು ನಾಗಮಂಗಲದ ಆಸ್ಪತ್ರೆಯವರಿಗೆ ಕಲಿಸಲು ಬಂದ ಮೇಡಂ, ಮುಂದಿನ ಸಾಲಿನಲ್ಲಿ ಕಂಡಳೆಂದು ಅವಳನ್ನೇ ಎಬ್ಬಿಸಿ ಕೂರಿಸಿದ್ದರು.

ಪ್ರಮೀಳಾಳ ಎರಡೂ ಕೈಗಳು ಮಡಿಲಲ್ಲಿ ಏನನ್ನೋ ತಬ್ಬಿ ಹಿಡಿದಂತಿದ್ದವು. "ಗಂಜಿ ತಂದಿದ್ದೆ ಕಣವ್ವ. ಆರೋಯ್ತದೆ. ಯಾರ ಕೈಲಿ ಕೊಡ್ಲಿ?"

ಹಿಂದೆ ಯಾರೋ ಕಿಸಕ್ಕೆಂದರು. ಸ್ಪಂದನ ನಗಲಿಲ್ಲ. ಹೋದ ಶ್ರಾವಣದಲ್ಲಿ, ಇದೇ ಆಸ್ಪತ್ರೆಯ ಐಸಿಯು ಬಾಗಿಲಲ್ಲಿ, ಪ್ರಮೀಳಾಳ ಗಂಡ ಹೋದನೆಂದು ತಾನೇ ಹೇಳಿದಾಗಲೂ ಅವಳು ಕೇಳಿದ್ದು ಇದನ್ನೇ. 'ಪಕ್ಕಕ್ಕಿಡಿ' ಎಂದು ಸ್ಪಂದನ ಒಳಗೆ ಹೋಗಿಬಿಟ್ಟಿದ್ದಳು.

"ಹೀಗಲ್ಲಮ್ಮ," ಎಂದರು ಮೇಡಂ. "ಗಂಡ ಸತ್ತ ಅಂದ್ರೆ ಯಾರಾದ್ರೂ ಗಂಜಿ ಮಾತಾಡ್ತಾರಾ? ಸ್ವಲ್ಪ ಅಳಿ. ನಿಜ ಅನ್ನಿಸ್ಬೇಕು."

"ಆಯ್ತು ಮೇಡಂ." ಪ್ರಮೀಳಾ ಹೇಳಿದಂತೆ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಸೆರಗು ಒಣಗಿದ್ದಂತೆಯೇ ಕೆಳಗಿಳಿಯಿತು. ಕೈಗಳು ಮತ್ತೆ ಮಡಿಲಿಗೆ ಬಂದು ಇಲ್ಲದ ಡಬ್ಬಿಯನ್ನು ಹಿಡಿದವು.

"ಇನ್ನೊಂದ್ಸಲ ಶುರು ಮಾಡಿ," ಎಂದರು ಮೇಡಂ.

ಸ್ಪಂದನ ಹೇಳಿಕೊಟ್ಟ ಮಾತನ್ನು ಹೇಳಲಿಲ್ಲ. ಕುರ್ಚಿಯ ಮುಂದೆ ಮಂಡಿಯೂರಿ ಎರಡೂ ಕೈ ಚಾಚಿದಳು. "ಕೊಡಕ್ಕ, ನಾನ್ ಇಸ್ಕತೀನಿ."

ಪ್ರಮೀಳಾ ಮೆಲ್ಲಗೆ ಕೈ ಮುಂದಕ್ಕೆ ತಂದಳು.

"ತಳ ಮುಟ್ಬ್ಯಾಡ ಕಣವ್ವ," ಎಂದಳು. "ಸುಡ್ತದೆ."