ಹದಿನೇಳನೆಯ ಸಾಲು

ಹದಿನೇಳನೆಯ ಸಾಲಿನಲ್ಲಿ ತಪ್ಪಿದೆ ಎಂದು ಕಂಪ್ಯೂಟರು ಐದನೆಯ ಸಲ ಹೇಳಿದಾಗ ಕ್ಲೆಮೆನ್ಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಊರುಗೋಲಿಗೆ ಕೈಚಾಚಿದ. ಮೌಮೆರೆ ಬಂದರಿನಲ್ಲಿ ಇಪ್ಪತ್ತೆರಡು ವರ್ಷ ಮೂಟೆ ಹೊತ್ತವನು. ಕಾಲಿನ ಮೇಲೆ ಸರಕು ಬಿದ್ದ ಮೇಲೆ ಪ್ರೋಗ್ರಾಂ ಬರೆಯುವುದನ್ನು ಕಲಿಯಲು ಈ ತರಬೇತಿ ಕೇಂದ್ರಕ್ಕೆ ಸೇರಿದ್ದ.

“ಇಬು, ನಾಳೆಯಿಂದ ನಾನು ಬರಲ್ಲ. ನಲವತ್ತೇಳು ವರ್ಷದ ತಲೆ ಇದು. ಒಳಗೆ ಏನೂ ಇಳೀತಿಲ್ಲ.”

ಅಲ್ಲಿ ಎಲ್ಲರಿಗೂ ‘ಇಬು’, ಅಂದರೆ ಮೇಡಂ, ಆಗಿದ್ದ ಟೀಚರ್ ಎರ್ಮೆಲಿಂಡಾ ಪರದೆಯತ್ತ ಬಗ್ಗಿದಳು. “ಕೊನೇಲಿ ಆವರಣ ಚಿಹ್ನೆ ಮುಚ್ಚೇ ಇಲ್ಲ ನೀವು. ನೋಡ್ಕೊಂಡು ಹೊಡೀರಿ ಅಂತ ಎಷ್ಟು ಸಲ ಹೇಳೋದು?”

“ನೋಡ್ಕೊಂಡೇ ಹೊಡ್ದಿದ್ದು. ಇಲ್ಲಿ ಎಲ್ಲಿದೆ ತೋರ್ಸಿ.” ಅವನು ಪಾಠದ ಹಾಳೆಯನ್ನು ಅವಳ ಮುಂದೆ ತಳ್ಳಿದ.

ಎಂಟು ಜನಕ್ಕೆ ಮೂರೇ ಕಂಪ್ಯೂಟರು. ಹಾಗಾಗಿ ಅವಳು ಪಾಠಗಳನ್ನು ಮಾರ್ಕ್‌ಡೌನ್ ಎಂಬ ಸರಳ ಗುರುತುಗಳ ಬರಹದಲ್ಲಿ ಬರೆದು, ಪಿಡಿಎಫ್ ಮಾಡಿ, ಅಚ್ಚು ಹಾಕಿಸಿ ಹಂಚುತ್ತಿದ್ದಳು. ಹಾಳೆಯ ಮೇಲೆ ಪ್ರೋಗ್ರಾಂ ಒಂದು ಬೂದು ಚೌಕದೊಳಗೆ ಕೂತಿತ್ತು. ಉದ್ದದ ಸಾಲು ಚೌಕದ ಬಲ ಅಂಚಿಗೆ ಬಂದು ಅಲ್ಲೇ ಕತ್ತರಿಸಿಹೋಗಿತ್ತು. ಕೊನೆಯ ಪದ ಅರ್ಧ. ಆವರಣ ಚಿಹ್ನೆಯ ಸುಳಿವೇ ಇಲ್ಲ. ಉಳಿದ ಏಳು ಜನ ಅದನ್ನು ಊಹಿಸಿ ಹಾಕಿಕೊಂಡು ಸುಮ್ಮನಿದ್ದರು. ಕಾಗದವನ್ನು ನಂಬಿದವನು ಇವನೊಬ್ಬನೇ.

ಅವಳ ಕಿವಿ ಬಿಸಿಯಾಯಿತು. “ಕೂತ್ಕೊಳ್ಳಿ ಕ್ಲೆಮೆನ್ಸ್. ತಪ್ಪು ನಂದು.”

ಪಿಡಿಎಫ್ ಹೇಗೆ ಕಾಣಬೇಕೆಂದು ಹೇಳುವ ಕಡತವನ್ನು ಅವಳು ಅದುವರೆಗೂ ಮುಟ್ಟಿಯೇ ಇರಲಿಲ್ಲ. ತಾನಾಗಿ ಬಂದದ್ದನ್ನೇ ಬಳಸಿದ್ದಳು. ಈಗ ಬೂದು ಬಣ್ಣ ತೆಗೆದು ತೆಳುವಾದ ಗೆರೆ ಹಾಕಿದಳು. ಅಕ್ಷರ ದೊಡ್ಡದು ಮಾಡಿದಳು. ಉದ್ದದ ಸಾಲು ಕೆಳಕ್ಕೆ ಮಡಚಿಕೊಳ್ಳಲಿ, ಮಡಿಕೆಯಲ್ಲಿ ಒಂದು ಬಾಣದ ಗುರುತು ಬರಲಿ ಎಂದು ಬರೆದಳು. ಹೊಸ ಹಾಳೆ ಬಂತು.

ಕ್ಲೆಮೆನ್ಸ್ ಒಂದೊಂದೇ ಅಕ್ಷರ ಒತ್ತುತ್ತ ಹೋಗಿ ನಿಂತ. ಬೆರಳು ಕೀಲಿಗಳ ಮೇಲೆ ಅಲೆದಾಡಿತು. “ಇಬು, ಈ ಬಾಣ ಎಲ್ಲಿದೆ ಇದ್ರಲ್ಲಿ?”

ಬಂದ ನಗುವನ್ನು ಅವಳು ನುಂಗಿಕೊಂಡಳು. “ಅದನ್ನ ಹೊಡೀಬಾರ್ದು. ಸಾಲು ಇನ್ನೂ ಮುಗ್ದಿಲ್ಲ ಅಂತ ಗುರುತು ಅಷ್ಟೆ.”

“ನನಗೆ ಹೇಗೆ ಗೊತ್ತಾಗ್ಬೇಕು? ಹಡಗಿನ ಸರಕಿನ ಪಟ್ಟೀಲಿ ಹಿಂಗೆ ಮಾಡಲ್ಲ. ಪ್ರತಿ ಸಾಲಿಗೂ ನಂಬರು. ವಿವರ ಉದ್ದ ಆಗಿ ಕೆಳಗೆ ಇಳಿದ್ರೆ ಅದಕ್ಕೆ ನಂಬರಿಲ್ಲ. ಮೇಲಿನ ಸಾಲಿನ ಬಾಲ ಅಂತ ಎಂಥ ದಡ್ಡನಿಗೂ ತಿಳಿಯುತ್ತೆ.”

ಅವಳು ಬಾಣ ಅಳಿಸಿ ಸಾಲುಗಳಿಗೆ ನಂಬರು ಹಾಕಿ ಇನ್ನೊಂದು ಹಾಳೆ ತೆಗೆದುಕೊಟ್ಟಳು. ಈ ಸಲ ಪ್ರೋಗ್ರಾಂ ಓಡಿತು.

“ಎಲ್ಲಾ ಪಾಠಾನೂ ಹೀಗೇ ಮಾಡ್ತೀನಿ,” ಎಂದಳು ಅವಳು. “ಹೊಡೆದು ನೋಡೋಕೆ ನೀವು ಬರಬೇಕಲ್ಲ?”

ಹೊಸದಾಗಿ ಅಚ್ಚಾದ ಪಾಠಗಳನ್ನೆಲ್ಲ ಅವನು ಮನೆಗೆ ಒಯ್ದ. ಗುರುವಾರ ಬೆಳಿಗ್ಗೆ ಅವಳು ಬೀಗ ತೆಗೆಯಲು ಬಂದಾಗ ಬಾಗಿಲಲ್ಲೇ ನಿಂತಿದ್ದ, ಹಾಳೆಗಳ ಕಂತೆ ಕಂಕುಳಲ್ಲಿ.

“ಮೂವತ್ತೊಂದನೇ ಪುಟ, ಒಂಬತ್ತನೇ ಸಾಲು.”

“ಅಯ್ಯೋ, ಅಲ್ಲೂ ಕತ್ತರಿಸಿ ಹೋಗಿದ್ಯಾ?”

“ಇಲ್ಲ ಇಬು. ಕಾಗದ ಸರಿಯಾಗಿದೆ,” ಎಂದ ಕ್ಲೆಮೆನ್ಸ್. “ನೀವೇ ತಪ್ಪು ಬರ್ದಿದ್ದೀರಿ.”