ಮಿಲಿಟರಿ ಚನ್ನವೀರಯ್ಯನವರ ಐದನೇ ಅಧ್ಯಾಯ

ಕದರಯ್ಯನ ಬಾಯಿ ಮುಚ್ಚಿಸಲೇಬೇಕಿತ್ತು. ಅದೂ ಇವತ್ತೇ. ಮಾಜಿ ಸಚಿವ ಚನ್ನವೀರಯ್ಯನವರು ಡ್ರೈವರ್‌ಗೆ ರಜೆ ಕೊಟ್ಟು, ಸದಾಶಿವನಗರದ ಮನೆಯಿಂದ ತಾವೇ ಕಾರು ತೆಗೆದು ಗುಬ್ಬಿ ರಸ್ತೆ ಹಿಡಿದರು. ಹೆಂಡತಿಗೆ ಮಾತ್ರ ಮಠಕ್ಕೆ ಹೋಗಿ ಬರುತ್ತೇನೆ ಅಂದಿದ್ದರು.

"ಬರ್ತಾ ವಿಭೂತಿ ತನ್ನಿ" ಎಂದಿದ್ದರು ಶಿವರುದ್ರಮ್ಮ. ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು, ಸುಳ್ಳು ಹೇಳುವ ಮಕ್ಕಳನ್ನು ನೋಡಿ ನೋಡಿ ಪಳಗಿದ ಕಣ್ಣು. ಚನ್ನವೀರಯ್ಯನವರು ಆ ಕಣ್ಣು ತಪ್ಪಿಸಿಯೇ ಚಪ್ಪಲಿ ಮೆಟ್ಟಿದ್ದರು.

ಎಲ್ಲಕ್ಕೂ ಕಾರಣ ಆತ್ಮಕಥೆ. ಇವರು ಹೇಳುತ್ತಾ ಹೋಗುವುದು, ಕಾಲೇಜಿನಲ್ಲಿ ಪಾಠ ಮಾಡುವ ಅನುಪಮಾ ಬರೆಯುತ್ತಾ ಹೋಗುವುದು. ಗುಬ್ಬಿಯ ಬಾಲ್ಯ, ಹೈಸ್ಕೂಲು, ಗಣಿತದಲ್ಲಿ ಡುಮ್ಕಿ ಹೊಡೆದದ್ದು, ಎಲ್ಲ ಸಲೀಸಾಗಿ ಸಾಗಿತ್ತು. ಐದನೇ ಅಧ್ಯಾಯಕ್ಕೆ ಮಿಲಿಟರಿ ಬಂತು. 'ಮಿಲಿಟರಿ ಚನ್ನವೀರಯ್ಯ' ಅಂದರೆ ಜಿಲ್ಲೆಯಲ್ಲಿ ಗೊತ್ತಿಲ್ಲದವರಿಲ್ಲ. ಎಪ್ಪತ್ತೊಂದರ ಯುದ್ಧದಲ್ಲಿ ಮದ್ದುಗುಂಡು ಹೊತ್ತ ಹೇಸರಗತ್ತೆ ಬೆದರಿ ಶತ್ರುಗಳ ಕಡೆ ಓಡಿದ್ದು, ಹಗ್ಗ ಬಿಡದೆ ಇವರೂ ಓಡಿದ್ದು, ಪಡೆಯೆಲ್ಲ ಇವರ ಹಿಂದೆ ನುಗ್ಗಿದ್ದು, ಕಾಲಿಗೆ ಗುಂಡು ಬಿದ್ದದ್ದು, ಅಷ್ಟೂ ನಿಜ. ಭಾಷಣಗಳಲ್ಲಿ ಹೇಸರಗತ್ತೆಯನ್ನು ಮಾತ್ರ ಬಿಟ್ಟುಬಿಡುತ್ತಿದ್ದರು.

ಸುಳ್ಳು ಇದ್ದದ್ದು ಆ ಅಧ್ಯಾಯದ ಮೊದಲ ಸಾಲಿನಲ್ಲಿ: 'ತಾಯ್ನಾಡು ಕರೆಯಿತು, ನಾನು ಹೊರಟೆ.'

ತಾಯ್ನಾಡು ಕರೆದಿರಲಿಲ್ಲ. ಅಪ್ಪ ಕುಣಿಗಲ್ಲಿಗೆ ಹೋಗಿ ಯಾವುದೋ ಹುಡುಗಿಯ ಮನೆಯವರೊಂದಿಗೆ ವೀಳ್ಯ ಬದಲಾಯಿಸಿಕೊಂಡು, ಮದುವೆ ಗಟ್ಟಿ ಮಾಡಿ ಬಂದಿದ್ದರು. ಹುಡುಗನನ್ನು ಒಂದು ಮಾತೂ ಕೇಳಿರಲಿಲ್ಲ. ವೀಳ್ಯ ಆದ ಮೇಲೆ ಮುಗಿಯಿತು. ಮಾತು ಮುರಿದ ಕಡೆಯವರು ಮಠದಲ್ಲಿ, ನೆಂಟರಲ್ಲಿ ತಲೆಯೆತ್ತುವ ಹಾಗಿರಲಿಲ್ಲ. ಹೆಣ್ಣಿನ ಕಡೆಯವರೇ ಮುರಿದರಂತೂ ಆ ಹುಡುಗಿಯ ಹೆಸರೇ ಕೆಡುತ್ತಿತ್ತು. ಅಪ್ಪನ ಮುಂದೆ ನಿಂತು 'ಮದುವೆ ಬೇಡ' ಅನ್ನುವ ಗಂಡೆದೆ ಚನ್ನವೀರನಿಗಿರಲಿಲ್ಲ. ಸೈನ್ಯಕ್ಕೆ ಸೇರಿದವನನ್ನು ಮಾತ್ರ ಯಾರೂ ಬೈಯುವಂತಿರಲಿಲ್ಲ. ಓಡಿಹೋದ.

ಯುದ್ಧ ಮುಗಿದು ಕುಂಟುತ್ತಾ ಬಂದರೆ ಹಿರಿಯರು ಕಾದು ಕೂತಿದ್ದರು. ಕೊಟ್ಟ ವೀಳ್ಯ ಹಾಗೇ ಇತ್ತು. ಆ ಹುಡುಗಿಗೇ ತಾಳಿ ಕಟ್ಟಿದ. ಅವರೇ ಶಿವರುದ್ರಮ್ಮ.

ಕಟ್ಟಿದ ಮೇಲೆ ಕಥೆ ಬೇರೆಯಾಯಿತು. ಆಕೆ ಎರಡು ದಿನ ತವರಿಗೆ ಹೋದರೆ ಸಚಿವರಿಗೆ ಅನ್ನ ಇಳಿಯುತ್ತಿರಲಿಲ್ಲ. ಇಂಥ ಹೆಂಡತಿಗೆ, ತನ್ನಿಂದ ತಪ್ಪಿಸಿಕೊಳ್ಳಲು ಗಂಡ ಯುದ್ಧಕ್ಕೇ ಹೋಗಿದ್ದ ಅಂತ ಈ ವಯಸ್ಸಿನಲ್ಲಿ ಗೊತ್ತಾಗುವುದೇ? ವಿಷಯ ಗೊತ್ತಿದ್ದದ್ದು ಒಬ್ಬನಿಗೇ, ಒಂದೇ ಬೆಂಚಿನಲ್ಲಿ ಕೂತು ಓದಿದ ಕದರಯ್ಯನಿಗೆ. ಅವನನ್ನು ಅನುಪಮಾ ನಾಳೆ ಮನೆಗೇ ಕರೆತಂದು ಮಾತಾಡಿಸುವವಳಿದ್ದಳು.

ಗುಬ್ಬಿ ತಲುಪಿದಾಗ ಕದರಯ್ಯ ತನ್ನ ಮನೆಯ ಜಗಲಿ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಏನ್ಲಾ ಚನ್ನ, ಮಿನಿಸ್ಟ್ರು ಒಬ್ನೇ ಬಂದವ್ನೆ!"

"ನಾನು ಮಿಲಿಟರಿಗೆ ಯಾಕೆ ಹೋದೆ ಅಂತ ಆ ಹುಡುಗಿ ನಾಳೆ ನಿನ್ನ ಕೇಳ್ತಾಳೆ ಕಣೋ. ದೇಶಭಕ್ತಿ ಅಂದ್ಬುಡು. ಮದುವೆ ವಿಷ್ಯ ಎತ್ತಬ್ಯಾಡ."

ಕದರಯ್ಯ ನಗತೊಡಗಿದ. ಕೆಮ್ಮು ಹತ್ತುವ ತನಕ ನಕ್ಕ.

"ನಗ್ಬ್ಯಾಡ ಕಣ್ಲಾ. ಕುಣಿಗಲ್ಲಿಂದ, ನಿಮ್ಮ ಸೋದರತ್ತೆ ಮನೆಯಿಂದ ಬಂದವ್ನು, ಬಸ್ ಇಳಿದು ಸೀದಾ ನಮ್ಮನೆಗೇ ಬಂದು, ಮಿಲಿಟರಿಗೆ ಆಳು ತಗೊಳ್ತಾವ್ರೆ ನಡಿ ಅಂದಿದ್ದು ನೀನೇ ತಾನೆ?"

"ನಾನೇ ಬುಡಪ್ಪ."

"ಬೆಂಗ್ಳೂರಿಗೆ ಕರ್ಕೊಂಡು ಹೋಗಿ ನನ್ನ ಕ್ಯೂನಲ್ಲಿ ನಿಲ್ಸಿ, ನೀನು ಮಾತ್ರ ಜಾರ್ಕೊಂಡೆ."

"ನಂಗ್ಯಾಕ್ಲಾ ಮಿಲಿಟ್ರಿ? ದಾರಿಗೆ ಅಂತ ಅಷ್ಟು ದೊಡ್ಡ ಕೋಡುಬಳೆ ಗಂಟು ಕೊಟ್ಟಿರ್ಲಿಲ್ವಾ ನಿಂಗೆ?"

ಕೊಟ್ಟಿದ್ದ. ರೈಲಿನಲ್ಲಿ ಚನ್ನವೀರ ಅಳುತ್ತಲೇ ಅಷ್ಟನ್ನೂ ತಿಂದು ಮುಗಿಸಿದ್ದ.

"ರುದ್ರಮ್ಮಂಗೆ ಗೊತ್ತಾಗ್ಬಾರ್ದು ಕದರ. ನಿಂಗೆ ಕೈ ಮುಗೀತೀನಿ."

"ಹೆದರ್ಕೋಬ್ಯಾಡ. ಆಯಮ್ಮನ ಕಿವಿಗೆ ನನ್ನಿಂದ ಹೊಸದೇನೂ ಬೀಳಾಕಿಲ್ಲ. ಆಣೆ."

ಮಾಜಿ ಸಚಿವರು ಹಗುರಾದರು. ವಾಪಸ್ ಬರುವಾಗ ವಿಭೂತಿ ತರುವುದನ್ನೂ ಮರೆಯಲಿಲ್ಲ.

ಮರುದಿನ ಕದರಯ್ಯ ಇಸ್ತ್ರಿ ಮಾಡಿದ ಪಂಚೆಯುಟ್ಟು ಬಂದ. ನಾಲ್ಕು ಜನರೆದುರು 'ಚನ್ನ' ಹೋಗಿ 'ಸಾಹೇಬ್ರು' ಆಗಿದ್ದರು. ಅನುಪಮಾ ಮೊಬೈಲಿನಲ್ಲಿ ರೆಕಾರ್ಡಿಂಗ್ ಶುರು ಮಾಡಿದಳು. ಶಿವರುದ್ರಮ್ಮ ಎಲ್ಲರಿಗೂ ಕಾಫಿ ಕೊಟ್ಟು ಅಲ್ಲೇ ಕೂತರು.

"ಇವರು ಸೈನ್ಯಕ್ಕೆ ಯಾಕೆ ಸೇರಿದ್ರು, ಕದರಯ್ಯನೋರೇ?"

"ದೇಶಭಕ್ತಿ ಕಣಮ್ಮ. ಸಾಹೇಬ್ರಿಗೆ ಚಿಕ್ಕಂದಿನಿಂದ್ಲೂ ಅದೇ ಗ್ಯಾನ."

ಚನ್ನವೀರಯ್ಯನವರು ನೆಮ್ಮದಿಯಿಂದ ಒಂದು ಗುಟುಕು ಕಾಫಿ ಕುಡಿದರು.

"ಯಾಕೆ ಸುಳ್ಳು ಹೇಳ್ತೀಯ ಕದರಣ್ಣ?" ಎಂದರು ಶಿವರುದ್ರಮ್ಮ. "ಮದುವೆಗೆ ಹೆದರಿ ಓಡಿಹೋದ್ರು ಅಂತ ಹೇಳು."

ಲೋಟ ತುಳುಕಿ ಕಾಫಿ ಪಂಚೆಯ ಮೇಲೆ ಬಿತ್ತು. ಗುಂಡು ಬಿದ್ದ ದಿನವೂ ಚನ್ನವೀರಯ್ಯನವರು ಇಷ್ಟು ಕಂಗಾಲಾಗಿರಲಿಲ್ಲ. ಅನುಪಮಾ ಎದುರಿಗಿದ್ದಾಳೆ ಅನ್ನುವುದೂ ಮರೆತುಹೋಯಿತು.

"ರುದ್ರಾ, ಆವಾಗ ನಿನ್ನ ಮುಖಾನೇ ನೋಡಿರ್ಲಿಲ್ಲ ಕಣೇ. ಗೊತ್ತಿದ್ರೆ ಹೋಗ್ತಿದ್ನಾ? ಬೇಜಾರ್ ಮಾಡ್ಕೋಬೇಡ."

"ನಂಗ್ಯಾಕ್ರೀ ಬೇಜಾರು?" ಶಿವರುದ್ರಮ್ಮ ಸೆರಗಿನಿಂದ ಅವರ ಪಂಚೆ ಒರೆಸಿದರು. "ನಂಗೆ ಟೀಚರ್ ಟ್ರೈನಿಂಗ್ ಮುಗಿಸ್ಬೇಕಿತ್ತು, ನಾವಾಗಿ ಮಾತು ಮುರಿಯೋ ಹಂಗಿರ್ಲಿಲ್ಲ. ಹೆಂಗಾದ್ರೂ ಮಾಡಿ ಇವರನ್ನ ಮಿಲಿಟರಿಗೆ ಸೇರಿಸಿ ಬಾ ಅಂತ ನಮ್ಮ ಪಕ್ಕದ್ಮನೆಗೆ, ಅವರತ್ತೆ ಮನೆಗೆ ಬಂದಿದ್ದ ಕದರಣ್ಣನ್ನ ಕುಣಿಗಲ್ಲಿಂದ ಅಟ್ಟಿದ್ದೇ ನಾನು."