ಮೊದಲು ಪಂಪೋ, ಲಾರಿಯೋ?

“ಮೊದಲು ಪಂಪ್ ಹಾಕಿಸು, ಆಮೇಲೆ ಲಾರಿ ಕೊಳ್ತೀನಿ,” ಎಂದರು ಅಪ್ಪ, ತಟ್ಟೆಯಿಂದ ತಲೆ ಎತ್ತದೆ.

“ಮೊದಲು ನೀನು ಲಾರಿ ಕೊಳ್ಳಪ್ಪಾ, ಪಂಪ್ ತಾನಾಗೇ ಬರತ್ತೆ. ಗಿರಾಕಿನೇ ಇಲ್ಲದ ಕಡೆ ಯಾರು ದುಡ್ಡು ಸುರೀತಾರೆ?” ಎಂದಳು ಮಗಳು.

ಹೈಡ್ರೋಜನ್‌ನಿಂದ ಓಡುವ ಲಾರಿಗಳಿಗೆ ಇಂಧನ ತುಂಬುವ ಪಂಪುಗಳು ಎಲ್ಲೆಲ್ಲಿ ಬರಬೇಕೆಂದು ಲೆಕ್ಕ ಹಾಕುವುದು ಅವಳ ಕೆಲಸ. ಹೆದ್ದಾರಿ ಪಕ್ಕದ ಬಯಲಿನಲ್ಲಿ ಮೊದಲನೆಯದನ್ನು ತರಲು ಎರಡು ವರ್ಷ ಒದ್ದಾಡಿದ್ದಳು. ಸಾಕಷ್ಟು ಲಾರಿಗಳು ದಿನವೂ ಬಾರದಿದ್ದರೆ ಪಂಪು ನಷ್ಟದಲ್ಲೇ ಮುಳುಗುತ್ತದೆ. ಉಳಿದ ಲಾರಿ ಮಾಲೀಕರೆಲ್ಲ ಅಪ್ಪನ ಪಾಠವನ್ನೇ ಒಪ್ಪಿಸಿದ್ದರು. ಇವತ್ತು ಮಧ್ಯಾಹ್ನ ಅವಳ ಕಂಪನಿಯ ದೊಡ್ಡ ಸಾಹೇಬರು ಜಾಗ ನೋಡಲು ಬರುವವರಿದ್ದರು. ಒಬ್ಬ ಗಿರಾಕಿಯೂ ಸಿಗದಿದ್ದರೆ ಯೋಜನೆಗೆ ಎಳ್ಳುನೀರೇ.

“ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ,” ಅಮ್ಮ ನಕ್ಕಳು. “ಇವರು ಆಗಲೂ ಹೀಗೇ ಕಣೇ. ಮನೆ ಮುಗೀಲಿ, ಆಮೇಲೆ ಮದುವೆ ಅಂತ ಇವರು. ಹೆಂಡತಿ ಬರದೆ ಇವನ ಮನೆ ಮುಗಿಯಲ್ಲ ಅಂತ ನಮ್ಮತ್ತೆ. ಕೊನೆಗೆ ಮದುವೆ ಮಾಡ್ಕೊಂಡು, ಪೆಟ್ಟಿಗೆ ತಂದು, ಚಾವಣಿ ಇಲ್ಲದ ಮನೇಲಿ ನಾನೇ ಕೂತೆ.”

“ಮಾರನೇ ದಿನವೇ ಚಾವಣಿ ಹಾಕಿಸ್ಲಿಲ್ವೇನೇ?”

“ಹಾಕಿಸಿದ್ರಿ. ನಾನು ಕೂತಿದ್ದಕ್ಕೆ!”

“ವ್ಯಾಪಾರದಲ್ಲಿ ಹೆಂಡತೀನೂ ಇಲ್ಲ, ಮಗಳೂ ಇಲ್ಲ,” ಎಂದು ಅಪ್ಪ ಕೈ ತೊಳೆದು ಎದ್ದುಹೋದರು. ಮಗಳ ಕಣ್ಣು ತುಂಬಿತು. ಅಪ್ಪ ಹೇಳುವುದರಲ್ಲಿ ತಪ್ಪಿಲ್ಲ ಎನ್ನುವುದೇ ಅವಳಿಗೆ ಹೆಚ್ಚು ಸಂಕಟ.

ಮಧ್ಯಾಹ್ನ ಸಾಹೇಬರೊಡನೆ ಬಯಲಿಗೆ ಬಂದರೆ ಅಲ್ಲೊಂದು ಲಾರಿ! ಅಪ್ಪನ ಮೊದಲ ಲಾರಿ, ಮನೆಯವರೆಲ್ಲ ‘ದೊಡ್ಡಮ್ಮ’ ಎಂದು ಕರೆಯುವ ಮುದಿ ಗಾಡಿ. ಪಂಪಿಗೆಂದು ನೆಟ್ಟಿದ್ದ ಗೂಟಕ್ಕೆ ಸರಿಯಾಗಿ ಮೂತಿ ಕೊಟ್ಟು ನಿಂತಿತ್ತು.

“ಏನ್ರೀ, ಇಲ್ಯಾಕೆ ನಿಲ್ಲಿಸಿದ್ದೀರಿ?” ಎಂದರು ಸಾಹೇಬರು.

“ಹೈಡ್ರೋಜನ್ ಹಾಕಿಸೋಕೆ ಸಾರ್. ಕ್ಯೂನಲ್ಲಿ ನಾನೇ ಮೊದಲು,” ಎಂದರು ಅಪ್ಪ.

“ಪಂಪೇ ಇಲ್ಲ. ಸಾಲದ್ದಕ್ಕೆ ಇದು ಡೀಸೆಲ್ ಗಾಡಿ!”

“ಇದನ್ನ ಮಾರಿ, ನಾಲ್ಕು ಹೈಡ್ರೋಜನ್ ಗಾಡಿಗೆ ಮುಂಗಡ ಕೊಟ್ಟು ಬಂದೆ. ನಾಳೆ ದೊಡ್ಡಮ್ಮನ್ನ ಕರ್ಕೊಂಡು ಹೋಗ್ತಾರೆ,” ಅಪ್ಪ ಸ್ಟೀರಿಂಗ್ ಸವರಿದರು. “ಇನ್ನು ಪಂಪ್ ಬರಲಿಲ್ಲ ಅಂದ್ರೆ ನನ್ನ ಕೈಗೆ ಚಿಪ್ಪೇ.”

ಅಷ್ಟರಲ್ಲಿ ಹೆದ್ದಾರಿಯಿಂದ ಇನ್ನೊಂದು ಲಾರಿ ಇಳಿದು ಬಂದು ಹಿಂದೆ ನಿಂತಿತು. ಅಪ್ಪನ ಹಳೇ ಪೈಪೋಟಿಗಾರ ಕಿಟಕಿಯಿಂದ ತಲೆ ಹೊರಹಾಕಿ, “ಇವನೊಬ್ಬನೇ ಲಾಭ ಮಾಡ್ಕೊಳ್ಳೋಕೆ ಬಿಡ್ತೀನಾ? ನಂದೂ ಬರ್ಕೊಳ್ಳಿ!” ಎಂದು ಕೂಗಿದ.

ಸಾಹೇಬರು ಬರಿಯ ಗೂಟವನ್ನೂ ಹಿಂದಿನ ಸಾಲನ್ನೂ ನೋಡುತ್ತ ನಿಂತರು. ಮಗಳಿಗೆ ಅಪ್ಪನನ್ನು ಅಲ್ಲೇ ತಬ್ಬಿಕೊಳ್ಳಬೇಕೆನಿಸಿತು.

ಆಗ ಅಪ್ಪನ ಲಾರಿಯ ಆಚೆ ಬಾಗಿಲು ತೆರೆಯಿತು. ಹಳೇ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅಮ್ಮ ಕೂತಿದ್ದಳು.

“ನಿಧಾನಕ್ಕೆ ಯೋಚನೆ ಮಾಡಿ ಸಾಹೇಬ್ರೇ,” ಎಂದಳು. “ಚಾವಣಿ ಇಲ್ಲದ ಕಡೆ ಕೂರೋದು ನನಗೇನೂ ಹೊಸದಲ್ಲ.”